ಲಿಂಕ್ ಒತ್ತಿದ ಮೇಲೆ ಬರುವ ಪಾಠ

ಪ್ರಶ್ನೆ: ನಮ್ಮ ಆಫೀಸಿನವರೇ ಆಗಾಗ ಮೋಸದ ಮೇಲ್ ಕಳಿಸಿ ನಮ್ಮನ್ನು ಪರೀಕ್ಷೆ ಮಾಡುತ್ತಾರೆ. ಲಿಂಕ್ ಒತ್ತಿದರೆ ಆನ್‌ಲೈನ್ ಪಾಠ ತೆರೆದುಕೊಳ್ಳುತ್ತದೆ, ಮ್ಯಾನೇಜರ್‌ಗೂ ಗೊತ್ತಾಗುತ್ತದೆ. ಇದರಿಂದ ಯಾರಾದರೂ ಕಲಿತಿದ್ದಾರಾ? (ಕಚೇರಿ ಉದ್ಯೋಗಿ, ಮೈಸೂರು)

ಉತ್ತರ: ಕಲಿತಿದ್ದಾರೆ, ಆದರೆ ಕಂಪನಿಗಳು ಅಂದುಕೊಂಡಷ್ಟಲ್ಲ. ಮೋಸಹೋದ ಕ್ಷಣದಲ್ಲೇ ಪಾಠ ಹೇಳಿದರೆ ಮನಸ್ಸಿಗೆ ನಾಟುತ್ತದೆ ಅನ್ನುವ ಯೋಚನೆ ಹಳೆಯದು. ಪೊನ್ನುರಂಗಂ ಕುಮಾರಗುರು (ಈಗ ಹೈದರಾಬಾದಿನ ಐಐಐಟಿಯಲ್ಲಿ ಪ್ರೊಫೆಸರ್) ಅಮೆರಿಕದ ಕಾರ್ನೆಗಿ ಮೆಲನ್‌ನಲ್ಲಿ ಪಿಎಚ್‌ಡಿ ಮಾಡುವಾಗ ಜೊತೆಗಾರರೊಂದಿಗೆ ಇದನ್ನೇ 515 ಜನರ ಮೇಲೆ ಪರೀಕ್ಷಿಸಿದರು. 2009ರಲ್ಲಿ ಬಂದ ಫಲಿತಾಂಶ ಚೆನ್ನಾಗಿಯೇ ಇತ್ತು. ಪಾಠ ಓದಿದವರಿಗೆ 28 ದಿನ ಕಳೆದ ಮೇಲೂ ಅದು ನೆನಪಿತ್ತು. ಆದರೆ ಅವರೆಲ್ಲ ತಾವಾಗಿ ಒಪ್ಪಿ ಸೇರಿದವರು. ಆಫೀಸಿನಲ್ಲಿ ಹಾಗಲ್ಲವಲ್ಲ.

ಆಮೇಲೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಕಂಪನಿಯ 14,000ಕ್ಕೂ ಹೆಚ್ಚು ನೌಕರರನ್ನು 15 ತಿಂಗಳು ಗಮನಿಸಿದರು. ಲಿಂಕ್ ಒತ್ತಿದ ಕೂಡಲೇ ಪಾಠ ತೋರಿಸುವ ಕ್ರಮದಿಂದ ಜನ ಹುಷಾರಾಗಲಿಲ್ಲ, ಕೆಲವರು ಇನ್ನೂ ಜಾಸ್ತಿ ಮೋಸಹೋದರು! ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ಸುಮಾರು 19,500 ನೌಕರರ ಮೇಲೆ ಎಂಟು ತಿಂಗಳು ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹೀಗೇ. ಪಾಠ ಪಡೆದವರು ಪಡೆಯದವರಿಗಿಂತ ಮೋಸಹೋದದ್ದು ಬರೀ 1.7 ಪರ್ಸೆಂಟ್ ಕಡಿಮೆ. ಬಹಳಷ್ಟು ಜನ ಪಾಠದ ಪುಟದಲ್ಲಿ ಒಂದು ನಿಮಿಷ ಕೂಡ ನಿಂತಿರಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಯಾರು ಓದುತ್ತಾರೆ ಹೇಳಿ?

ಅದೇ ಅಧ್ಯಯನದ ಇನ್ನೊಂದು ಲೆಕ್ಕ ನನಗೆ ಮುಖ್ಯ ಅನಿಸಿದ್ದು. ಪಾಸ್‌ವರ್ಡ್ ಬದಲಿಸಿ ಅಂದ ಮೇಲ್‌ಗೆ ಬಿದ್ದವರು 2 ಪರ್ಸೆಂಟ್‌ಗಿಂತ ಕಡಿಮೆ. ರಜೆಯ ನಿಯಮ ಬದಲಾಗಿದೆ ಅಂದ ಮೇಲ್‌ಗೆ 30 ಪರ್ಸೆಂಟ್‌ಗಿಂತ ಹೆಚ್ಚು! ರಜೆ ವಿಷಯ ಅಂದರೆ ಯಾರು ತಾನೇ ಒತ್ತುವುದಿಲ್ಲ? ಅಂದರೆ ನೀವು ಬೀಳುತ್ತೀರೋ ಇಲ್ಲವೋ ಅನ್ನುವುದು ನಿಮ್ಮ ಜಾಣತನಕ್ಕಿಂತ ಆ ಮೇಲ್ ಹೇಗಿದೆ ಅನ್ನುವುದರ ಮೇಲೆ ನಿಂತಿದೆ. ಇದಕ್ಕೆ ಮ್ಯಾನೇಜರ್‌ಗೆ ಚಾಡಿ ಹೇಳುವುದು ವ್ಯರ್ಥ ಅಂತಲೇ ನನ್ನ ಅಭಿಪ್ರಾಯ. ಜ್ಯೂರಿಕ್‌ನವರ ಅಧ್ಯಯನದಲ್ಲಿ ಉಪಯೋಗಕ್ಕೆ ಬಂದದ್ದು ಅನುಮಾನದ ಮೇಲ್ ಬಗ್ಗೆ ಕಂಪನಿಗೆ ತಿಳಿಸುವ ರಿಪೋರ್ಟ್ ಬಟನ್. ಅನುಮಾನ ಬಂದವರು ಅದನ್ನು ಒತ್ತಿದ್ದರಿಂದ ಮೋಸದ ಮೇಲ್‌ಗಳು ಬೇಗ ಸಿಕ್ಕಿಬಿದ್ದವು. ನಿಮ್ಮಲ್ಲಿ ಅದು ಇಲ್ಲದಿದ್ದರೆ ಮೊದಲು ಅದನ್ನು ಕೇಳಿ.

ಪ್ರಶ್ನೆ: ನಾನು ಬಿಸಿಎ ಎರಡನೇ ವರ್ಷ. ಮನೆಯಲ್ಲೇ ಕೂತು ಸೈಬರ್ ಸೆಕ್ಯುರಿಟಿ ಕಲಿಯಬೇಕು ಅಂತಿದೆ. ನಾಲ್ಕೈದು ಆನ್‌ಲೈನ್ ಕೋರ್ಸ್‌ಗೆ ಹೆಸರು ಕೊಟ್ಟಿದ್ದೇನೆ. ಸಾಕಾ? (ವಿದ್ಯಾರ್ಥಿನಿ, ಹಾಸನ)

ಉತ್ತರ: ಹೆಸರು ಕೊಡುವುದು ಸುಲಭ ಕಣಮ್ಮ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸ್‌ಗಳ ಲೆಕ್ಕ 2019ರಲ್ಲಿ ಬಂತು. ಸೇರಿದವರಲ್ಲಿ ಅರ್ಧದಷ್ಟು ಜನ ಕೋರ್ಸನ್ನು ತೆರೆದೇ ನೋಡಿರಲಿಲ್ಲ. ಮುಗಿಸಿದವರು ನೂರಕ್ಕೆ ಮೂರರಷ್ಟು. ದುಡ್ಡು ಕಟ್ಟಿ ಸರ್ಟಿಫಿಕೇಟ್‌ಗೆ ಕೂತವರಲ್ಲಿ ಮಾತ್ರ ಅರ್ಧದ ಹತ್ತಿರ. ಹಾಗಾಗಿ ಒಂದನ್ನು ಇಟ್ಟುಕೊಂಡು ಉಳಿದದ್ದು ಬಿಡಿ. ಐಐಟಿಗಳವರ ಎನ್‌ಪಿಟಿಇಎಲ್ ಆದರೆ ವಿಡಿಯೋ ಉಚಿತ, ಪರೀಕ್ಷೆಗೆ ಮಾತ್ರ ಫೀಸು. ಆ ಫೀಸು ಕಟ್ಟಿಬಿಡಿ, ಓದು ತಾನಾಗಿ ನಡೆಯುತ್ತದೆ.

ಆದರೆ ಈ ವಿದ್ಯೆ ವಿಡಿಯೋ ನೋಡಿ ಬರುವುದಲ್ಲ, ಈಜಿನ ಹಾಗೆ ಇಳಿಯಲೇಬೇಕು. ಸಿರಾಕ್ಯೂಸ್ ವಿಶ್ವವಿದ್ಯಾಲಯದ ವೆನ್‌ಲಿಯಾಂಗ್ ಡು 2002ರಲ್ಲಿ ಶುರುಮಾಡಿದ ಸೀಡ್ ಲ್ಯಾಬ್ಸ್ ಇದಕ್ಕೆಂದೇ ಇದೆ, ಪೂರ್ತಿ ಉಚಿತ. ನಿಮ್ಮ ಲ್ಯಾಪ್‌ಟಾಪಿನೊಳಗೇ ಒಂದು ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಹಾಕಿಕೊಂಡು ಎಸ್‌ಕ್ಯೂಎಲ್ ಇಂಜೆಕ್ಷನ್, ಬಫರ್ ಓವರ್‌ಫ್ಲೋ ಥರದ ದಾಳಿಗಳನ್ನೆಲ್ಲ ನೀವೇ ಮಾಡಿ ನೋಡಬಹುದು. ಲ್ಯಾಪ್‌ಟಾಪ್ ಹಳೆಯದಾದರೆ ಕಾರ್ನೆಗಿ ಮೆಲನ್‌ನವರ ಪಿಕೋಸಿಟಿಎಫ್ ಅನ್ನುವ ಹ್ಯಾಕಿಂಗ್ ಒಗಟುಗಳ ಆಟ ಇದೆ, ಬ್ರೌಸರ್ ಸಾಕು. ಆದರೆ ಕಲಿತದ್ದನ್ನು ಕಾಲೇಜಿನ ವೆಬ್‌ಸೈಟ್ ಮೇಲೆ ಪ್ರಯೋಗ ಮಾಡಬೇಡಿ. ಅನುಮತಿ ಇಲ್ಲದೆ ಕೈಹಾಕಿದರೆ ಐಟಿ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲು ಆಗಬಹುದು.

ಪ್ರಶ್ನೆ: ನಮ್ಮ ಬಡಾವಣೆಯ ಹಿರಿಯರಿಗೆ ಆನ್‌ಲೈನ್ ಮೋಸದ ಬಗ್ಗೆ ತಿಳಿಸಬೇಕು. ಭಾಷಣ ಇಡಿಸೋಣವೇ? (ನಿವೃತ್ತ ಶಿಕ್ಷಕಿ, ಶಿವಮೊಗ್ಗ)

ಉತ್ತರ: ಭಾಷಣ ಬೇಡ ಮೇಡಂ. ಹತ್ತು ಮೆಸೇಜ್ ತೋರಿಸಿ, ಯಾವುದು ನಿಜ, ಯಾವುದು ಮೋಸ ಅಂತ ಅವರನ್ನೇ ಕೇಳಿ. ಕೇಳಿಸಿಕೊಂಡಿದ್ದಕ್ಕಿಂತ ತಾವೇ ಉತ್ತರ ಹುಡುಕಿದ್ದು ಜಾಸ್ತಿ ದಿನ ನೆನಪಿರುತ್ತದೆ, ಮಕ್ಕಳಿಗೆ ಪಾಠ ಮಾಡಿದ ನಿಮಗೆ ಇದನ್ನು ಹೇಳಬೇಕಾಗಿಲ್ಲ. ಜರ್ಮನಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಡೆದ ಅಧ್ಯಯನದಲ್ಲಿ ತರಬೇತಿಯ ಫಲ ನಾಲ್ಕು ತಿಂಗಳು ಉಳಿದು, ಆರು ತಿಂಗಳಿಗೆ ಹೋಗಿಬಿಟ್ಟಿತ್ತು. ಹಾಗಾಗಿ ಯುಗಾದಿ, ದಸರಾ ಅಂತ ನೆಪ ಮಾಡಿಕೊಂಡು ನಾಲ್ಕು ತಿಂಗಳಿಗೊಮ್ಮೆಯಾದರೂ ಮತ್ತೆ ಸೇರಿಸಿ. ಫೋನಿನಲ್ಲಿ ಅರೆಸ್ಟ್ ಮಾಡುವ ಕಾನೂನು ನಮ್ಮ ದೇಶದಲ್ಲಿ ಇಲ್ಲ ಅನ್ನುವುದನ್ನು ಪ್ರತಿ ಸಲವೂ ಹೇಳಿ. ದುಡ್ಡು ಹೋದರೆ ಮಗ ಬೈಯುತ್ತಾನೆ ಅಂತ ಸುಮ್ನೆ ಕೂರದೆ ಆ ಗಳಿಗೆಯಲ್ಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದನ್ನೂ ಅಲ್ಲೇ ಅಭ್ಯಾಸ ಮಾಡಿಸಿ. ನಂಬರ್ ಎಲ್ಲರ ಫೋನಿನಲ್ಲೂ ಸೇವ್ ಆಗದೆ ಕಾಫಿ ಕೊಡಬೇಡಿ.