ಗಸ್ತಿನ ವಾಹನ ಮತ್ತು ಪಳಗಿದ ಕಳ್ಳ: ಸಂಪಾದಕರ ಉತ್ತರ

ಹುಬ್ಬಳ್ಳಿಯ ಹೊರವಲಯದ ಬಡಾವಣೆಯಿಂದ ಪತ್ರ ಬರೆದ ಮಾನ್ಯ ಓದುಗರಿಗೆ,

ಒಂದೇ ತಿಂಗಳಲ್ಲಿ ನಿಮ್ಮ ಓಣಿಯ ಎರಡು ಮನೆಗಳ ಬೀಗ ಮುರಿದದ್ದನ್ನೂ, ರಾತ್ರಿ ಗಸ್ತಿನ ವಾಹನ ದಿನವೂ ಅದೇ ಹೊತ್ತಿಗೆ ಸೈರನ್ ಹಾಕಿಕೊಂಡು ಹಾದುಹೋಗುವುದನ್ನೂ ತಿಳಿಸಿ, ಪಳಗಿದ ಕಳ್ಳರಿಗೆ ಇಂಥ ಗಸ್ತಿನ ಅಂಜಿಕೆ ಇರುತ್ತದೆಯೇ, ಇದ್ದರೂ ಅವರು ಪಕ್ಕದ ಬಡಾವಣೆಗೆ ಹೋಗುವುದಿಲ್ಲವೇ ಎಂದು ಕೇಳಿದ್ದೀರಿ.

ಹಾದುಹೋಗುವ ವಾಹನಕ್ಕೆ ಅವರು ಅಷ್ಟಾಗಿ ಅಂಜುವುದಿಲ್ಲ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972–73ರಲ್ಲಿ 15 ಬೀಟ್‌ಗಳನ್ನು (ಪೊಲೀಸರ ಗಸ್ತಿನ ವಲಯಗಳನ್ನು) ಮೂರು ಗುಂಪು ಮಾಡಿ, ಒಂದರಲ್ಲಿ ದಿನನಿತ್ಯದ ಗಸ್ತನ್ನೇ ನಿಲ್ಲಿಸಿ, ಇನ್ನೊಂದರಲ್ಲಿ ಎರಡು ಮೂರು ಪಟ್ಟು ಹೆಚ್ಚಿಸಿ, ಮತ್ತೊಂದನ್ನು ಇದ್ದಂತೆಯೇ ಬಿಟ್ಟು ನೋಡಿದಾಗ ಮನೆಗಳ್ಳತನದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕಳ್ಳರನ್ನೇ ಮಾತನಾಡಿಸಿದ ಅಧ್ಯಯನಗಳಲ್ಲಿಯೂ ಅವರು ಮುಖ್ಯವಾಗಿ ಹೇಳಿರುವುದು ಮನೆಯೊಳಗೆ ಜನರಿದ್ದಾರೆಯೇ ಎಂಬುದನ್ನು ಗಮನಿಸುತ್ತೇವೆ ಎಂದು. ದೀಪಾವಳಿಗೆ ಊರಿಗೆ ಹೋದವರ ಅಂಗಳದಲ್ಲಿ ರಂಗೋಲಿ ಇಲ್ಲದೆ, ಬಾಗಿಲಲ್ಲಿ ಪತ್ರಿಕೆಗಳು ಬಿದ್ದಿದ್ದರೆ ಮನೆ ಖಾಲಿಯೆಂದು ತಿಳಿಯಲು ಅನುಭವವೇನೂ ಬೇಕಿಲ್ಲ.

ಹಾಗೆಂದು ಗಸ್ತು ವ್ಯರ್ಥವೆನ್ನುವುದನ್ನು ನಾವು ಒಪ್ಪುವುದಿಲ್ಲ. ಅಮೆರಿಕದ್ದೇ ಆದ ಮಿನಿಯಾಪೊಲಿಸ್ ನಗರದಲ್ಲಿ 1988–89ರಲ್ಲಿ ಅಪರಾಧ ಹೆಚ್ಚಿದ್ದ 110 ಜಾಗಗಳನ್ನು ಆರಿಸಿ, ಅವುಗಳಲ್ಲಿ ಅರ್ಧದಷ್ಟು ಕಡೆ ಪೊಲೀಸರ ಇರುವಿಕೆಯನ್ನು ಹೆಚ್ಚಿಸಿದಾಗ ಅಲ್ಲಿಂದ ಬರುವ ದೂರುಗಳು ಕಡಿಮೆಯಾದವು. ಆ ಮಾಹಿತಿಯನ್ನು ಮುಂದೆ ವಿಶ್ಲೇಷಿಸಿದಾಗ ತಿಳಿದದ್ದು ಇನ್ನೂ ಉಪಯುಕ್ತವಾದದ್ದು: ವಾಹನ ಒಂದು ಕಡೆ ಸುಮಾರು 10ರಿಂದ 15 ನಿಮಿಷ ನಿಂತರೆ ಅದು ಹೋದ ಮೇಲೂ ಅಂಜಿಕೆ ಉಳಿಯುತ್ತದೆ, ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಲಾಭ ಕುಗ್ಗುತ್ತದೆ. ಯಾವಾಗ ಬರುತ್ತಾರೆಂದು ತಿಳಿಯದಿರುವುದೇ ಈ ಅಂಜಿಕೆಯ ಮೂಲವಾದ್ದರಿಂದ, ದಿನವೂ ಒಂದೇ ವೇಳೆಗೆ ಕೂಗುವ ಸೈರನ್ ಪಳಗಿದವನಿಗೆ ಉಳಿದ ರಾತ್ರಿಯನ್ನು ಬಿಟ್ಟುಕೊಡುತ್ತದೆ ಎಂಬುದು ನಮ್ಮ ದೃಢ ಅಭಿಪ್ರಾಯ.

ಪಕ್ಕದ ಬಡಾವಣೆಗೆ ಹೋಗುವರೆಂಬ ಭಯ ಸಹಜವಾದರೂ ಸಾಮಾನ್ಯವಾಗಿ ನಿಜವಾಗುವುದಿಲ್ಲ. ಅಮೆರಿಕದ ಜರ್ಸಿ ಸಿಟಿಯಲ್ಲಿ ಮಾದಕವಸ್ತು ಮಾರಾಟ ಮತ್ತು ವೇಶ್ಯಾವಾಟಿಕೆ ನಡೆಯುತ್ತಿದ್ದ ಜಾಗಗಳಲ್ಲಿ ಬಿಗಿ ಕ್ರಮ ಕೈಗೊಂಡಾಗ ಸುತ್ತಲಿನ ಓಣಿಗಳಲ್ಲಿ ಅಪರಾಧ ಏರಲಿಲ್ಲ. ಹೊಸ ಜಾಗದ ಪರಿಚಯ ಮಾಡಿಕೊಳ್ಳುವುದು ಕಷ್ಟವೆಂದು ಅಲ್ಲಿ ದಂಧೆ ನಡೆಸುತ್ತಿದ್ದವರೇ ಹೇಳಿದರು. ದಾರಿ, ತಿರುವು, ಹಿತ್ತಲು ಬಲ್ಲ ಜಾಗವನ್ನೇ ಮನೆಗಳ್ಳನೂ ನೆಚ್ಚುತ್ತಾನೆ. ಒಮ್ಮೆ ಕಳ್ಳತನವಾದ ಮನೆಗೂ ಅದರ ನೆರೆಮನೆಗಳಿಗೂ ಮುಂದಿನ ಕೆಲವು ವಾರ ಅಪಾಯ ಹೆಚ್ಚಿರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ, ನಿಮ್ಮ ಓಣಿಯ ಎರಡನೆಯ ಕಳ್ಳತನವೂ ಇಂಥದ್ದೇ ಇರಬಹುದು.

ಆದ್ದರಿಂದ ಗಸ್ತು ಹೆಚ್ಚಿಸಿ ಎಂದಷ್ಟೇ ಅರ್ಜಿ ಕೊಡಬೇಡಿ. ಆ ಎರಡು ಮನೆಗಳ ಹತ್ತಿರ ಮುಂದಿನ ಕೆಲವು ವಾರ ಬೀಟ್ ಸಿಬ್ಬಂದಿ ಬೇರೆ ಬೇರೆ ಹೊತ್ತಿನಲ್ಲಿ ಬಂದು, ಸೈರನ್ ಇಲ್ಲದೆ, ಕಾಲು ಗಂಟೆ ನಿಲ್ಲಬೇಕೆಂದು ಬರೆದುಕೊಡಿ. ಊರಿಗೆ ಹೋಗುವವರು ಮನೆಗೆ ಬೀಗ ಹಾಕುವ ದಿನಗಳನ್ನು ಠಾಣೆಗೂ ನೆರೆಯವರಿಗೂ ಮೊದಲೇ ತಿಳಿಸಲಿ.

— ಸಂಪಾದಕ