ಮಳೆಗೆ ರಜೆ ಕೊಡುವ ಹಾಗೆ ಜ್ವರಕ್ಕೂ ಕೊಟ್ಟರೆ?

ಮಗಳ ಕ್ಲಾಸಿನಲ್ಲಿ ಆರು ಮಕ್ಕಳಿಗೆ ಜ್ವರ, ಮಳೆಗೆ ಡಿಸಿ ರಜೆ ಕೊಡ್ತಾರಲ್ಲ, ದೊಡ್ಡ ಫ್ಲೂ ಬಂದರೂ ಹಾಗೇ ಶಾಲೆ ಮುಚ್ಚಿದರೆ ಸಾಕಲ್ವಾ ಅಂತ ಕೇಳಿದ್ದೀರಿ.

ಸಾಕಾಗೋದಿಲ್ಲ ಮಾರಾಯ್ರೆ, ಆದರೆ ಪ್ರಯೋಜನ ಉಂಟು. ಯಾವಾಗ ಮುಚ್ಚುತ್ತಾರೆ ಅನ್ನೋದೇ ಮುಖ್ಯ. ಫ್ಲೂ ತಗಲಿದವರು ಜ್ವರ ಕಾಣಿಸುವ ಒಂದು ದಿನ ಮೊದಲೇ ಅದನ್ನು ಹಂಚಲು ಶುರು ಮಾಡಿರುತ್ತಾರೆ. ಅರ್ಧ ಬೆಂಚು ಖಾಲಿಯಾದ ಮೇಲೆ ಬೀಗ ಹಾಕಿದರೆ ತಡವಾಯಿತು ಅಂತಲೇ ಲೆಕ್ಕ. 1918ರ ದೊಡ್ಡ ಫ್ಲೂ ಹಾವಳಿಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರ ಕಾಯಿಲೆ ಕಾಲಿಟ್ಟ ಕೂಡಲೇ ಶಾಲೆ, ಚಿತ್ರಮಂದಿರ ಎಲ್ಲ ಮುಚ್ಚಿತು. ಫಿಲಡೆಲ್ಫಿಯಾ ಸೆಪ್ಟೆಂಬರ್ 28ಕ್ಕೆ ದೊಡ್ಡ ಮೆರವಣಿಗೆ ಮಾಡಿ, ಆಮೇಲೆ ಮುಚ್ಚಿತು. ಸಾವು ಅಲ್ಲೇ ತುಂಬಾ ಜಾಸ್ತಿ. ಹಾಗಂತ ಸೇಂಟ್ ಲೂಯಿಸ್ ಪೂರ್ತಿ ಪಾರಾಗಲಿಲ್ಲ. ನವೆಂಬರಿನಲ್ಲಿ ಸಡಿಲ ಬಿಟ್ಟಾಗ ಕಾಯಿಲೆ ಮತ್ತೆ ಏರಿತು.

ಇನ್ನೊಂದು, ರಜೆಯಲ್ಲಿ ಮಕ್ಕಳು ಎಲ್ಲಿರ್ತಾರೆ? ಕಳೆದ ಜುಲೈಯ ಮಳೆ ರಜೆಗೆ ಅಕ್ಕಪಕ್ಕದ ಎಂಟು ಮಕ್ಕಳು ಉಡುಪಿಯ ನಮ್ಮ ಮನೆ ಜಗಲಿಯಲ್ಲೇ ಕೇರಂ ಆಡ್ತಾ, ಒಂದೇ ತಟ್ಟೆಯ ಹಲಸಿನ ಹಪ್ಪಳ ಮುರೀತಾ ಕೂತಿದ್ದರು. ಶಾಲೆ ಮುಚ್ಚಿತ್ತು, ಕ್ಲಾಸು ಜಗಲಿಗೆ ಬಂದಿತ್ತು, ಅಷ್ಟೇ! ಅಮ್ಮ ನರ್ಸ್ ಆಗಿದ್ದರೆ ಮಗುವನ್ನು ನೋಡಿಕೊಳ್ಳಲು ಅವರೇ ಆಸ್ಪತ್ರೆಗೆ ರಜೆ ಹಾಕಬೇಕು, ಅದೂ ಆಸ್ಪತ್ರೆ ತುಂಬಿರುವ ಹೊತ್ತಲ್ಲಿ.

ಸದ್ಯಕ್ಕೆ ನಿಮ್ಮ ಮಗಳಿಗೆ ಜ್ವರ ಬಂದರೆ, ಪ್ಯಾರಾಸಿಟಮಾಲ್ ಇಲ್ಲದೆ 24 ಗಂಟೆ ಜ್ವರ ಇಲ್ಲ ಅಂತಾಗುವ ತನಕ ಶಾಲೆಗೆ ಕಳಿಸಬೇಡಿ. ಟೆಸ್ಟ್ ಇದ್ದರೂ ಸರಿ.