ಕೆಲಸ ಹುಡುಕುವುದೂ ಡೇಟಿಂಗೂ ಒಂದೇನಾ?

ಮೂರು ಸುತ್ತು ಇಂಟರ್‌ವ್ಯೂ ಆದ ಮೇಲೆ ಎಚ್‌ಆರ್ ಕಡೆಯಿಂದ ಸುದ್ದಿಯೇ ಇಲ್ಲ, ಇದು ಥೇಟ್ ಡೇಟಿಂಗ್ ಥರಾನೇ ಅಲ್ವಾ, ಇನ್ನೂ ಕಾಯಬೇಕಾ ಅಂತ ಕೇಳಿದ್ದೀರಿ. ಹುಡುಕಾಟದ ಮಟ್ಟಿಗೆ ಹೌದು, ಅದೇ ಥರ. ಕೆಲಸಕ್ಕೆ ಸೇರಿದ ಮೇಲೆ ಅಲ್ಲ.

ಇದು ಬರೀ ತಮಾಷೆಯ ಹೋಲಿಕೆಯಲ್ಲ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಅನ್ನುವ ಇಬ್ಬರು ಗಣಿತಜ್ಞರು ಜೋಡಿ ಕೂಡಿಸುವ ಒಂದು ಲೆಕ್ಕ ಬಿಡಿಸಿದರು. ಒಂದು ಕಡೆಯವರು ತಮಗೆ ಎಲ್ಲರಿಗಿಂತ ಇಷ್ಟವಾದವರನ್ನು ಮೊದಲು ಕೇಳುತ್ತಾರೆ. ಇನ್ನೊಂದು ಕಡೆಯವರು ಬಂದವರಲ್ಲಿ ಒಬ್ಬರನ್ನು ಸದ್ಯಕ್ಕೆ ಇಟ್ಟುಕೊಂಡು ಉಳಿದವರಿಗೆ ಬೇಡ ಅನ್ನುತ್ತಾರೆ, ಬೇಡ ಅನ್ನಿಸಿಕೊಂಡವರು ಪಟ್ಟಿಯಲ್ಲಿ ಮುಂದಿರುವವರ ಹತ್ತಿರ ಹೋಗುತ್ತಾರೆ, ಹೀಗೇ ನಡೆದು ಕೊನೆಗೆ ಆಗುವ ಜೋಡಿಗಳಲ್ಲಿ 'ಇವರನ್ನು ಬಿಟ್ಟು ನಾವಿಬ್ಬರು ಸೇರೋಣ' ಅಂತ ಯಾವ ಇಬ್ಬರಿಗೂ ಒಟ್ಟಿಗೆ ಅನ್ನಿಸುವುದಿಲ್ಲ. ಮಜಾ ಏನೆಂದರೆ, ಇದರಲ್ಲಿ ಲಾಭ ಜಾಸ್ತಿ ಇರುವುದು ತಾವಾಗಿ ಹೋಗಿ ಕೇಳಿದ ಕಡೆಯವರಿಗೆ. ಅಮೆರಿಕದಲ್ಲಿ ಹೊಸ ಡಾಕ್ಟರ್‌ಗಳನ್ನು ತರಬೇತಿಗಾಗಿ ಆಸ್ಪತ್ರೆಗಳಿಗೆ ಹಂಚುವುದೂ ಇದೇ ದಾರಿಯಲ್ಲಿ. ಮೊದಲು ಆ ಲೆಕ್ಕ ಆಸ್ಪತ್ರೆಗಳ ಕಡೆಯಿಂದ ಶುರುವಾಗುತ್ತಿತ್ತು, 1998ರಲ್ಲಿ ಅದನ್ನು ಡಾಕ್ಟರ್‌ಗಳ ಕಡೆಗೆ ತಿರುಗಿಸಿದರು. ಹಾಗೆ ತಿದ್ದಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್‌ಗೂ ಶಾಪ್ಲಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ನಿಮ್ಮ ವಿಷಯದಲ್ಲಿ ಆಗಿರುವುದು ಬಹುಶಃ ಆ 'ಸದ್ಯಕ್ಕೆ ಇಟ್ಟುಕೊಳ್ಳುವ' ಕೆಲಸ. ನಾನೂ ಇಂಟರ್‌ವ್ಯೂ ಮಾಡುವ ಕಡೆ ಕೂತಿದ್ದೇನೆ. ಮೊದಲ ಆಯ್ಕೆಯವರಿಗೆ ಆಫರ್ ಹೋಗಿರುತ್ತದೆ, ಅವರು ಹೂಂ ಅನ್ನುವವರೆಗೆ ಎರಡನೆಯವರಿಗೆ ಇಲ್ಲ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಕೆಲವು ಸಲ ಆ ಹುದ್ದೆಯ ಬಜೆಟ್ಟೇ ನಿಂತುಹೋಗಿರುತ್ತದೆ, ಅದನ್ನು ಹೊರಗೆ ಹೇಳುವುದಿಲ್ಲ. ಹಾಗಂತ ಸುಮ್ಮನಿರುವುದು ಸರಿ ಅಂತಲ್ಲ, ಎರಡು ಸಾಲು ಬರೆಯಲು ಎಷ್ಟು ಹೊತ್ತು ಬೇಕು? ನೀವು ಒಂದು ಮೇಲ್ ಹಾಕಿ, ಯಾವಾಗ ತಿಳಿಸುತ್ತೀರಿ ಅಂತ ನೇರವಾಗಿ ಕೇಳಿ, ಅಷ್ಟರಲ್ಲಿ ಬೇರೆ ಕಡೆ ಅಪ್ಲೈ ಮಾಡುತ್ತಾ ಇರಿ. ಇದನ್ನು ಮೋಸ ಅಂತ ಯಾರೂ ಅನ್ನುವುದಿಲ್ಲ, ಹೋಲಿಕೆ ಮೊದಲು ಕುಂಟುವುದೇ ಇಲ್ಲಿ.

ಸೇರಿದ ಮೇಲಂತೂ ಪೂರ್ತಿ ಬೇರೆ. ನಿಮಗಿರುವುದು ಒಂದೇ ಕಂಪನಿ, ಅವರಿಗೆ ನಿಮ್ಮಂಥವರು ಎಷ್ಟೋ ಜನ. 'ನಾವೆಲ್ಲ ಒಂದೇ ಫ್ಯಾಮಿಲಿ' ಅಂತ ಇಂಟರ್‌ವ್ಯೂನಲ್ಲೇ ಶುರು ಮಾಡಿದರೆ, ಓವರ್‌ಟೈಮ್‌ಗೆ ದುಡ್ಡು ಕೊಡುತ್ತೀರಾ, ನೋಟಿಸ್ ಪೀರಿಯಡ್ ಎಷ್ಟು ಅಂತ ಕೇಳಿ. ಉತ್ತರ ಆಫರ್ ಲೆಟರ್‌ನಲ್ಲಿ ಬರಲಿ, ಆಮೇಲೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಿ.